ದವಡೆ ಮುರಿದವಳ ಊರಿನಲ್ಲಿ

ಸಿಯಾಟಲ್ ವಿಮಾನ ನಿಲ್ದಾಣ

ಅಮೆರಿಕಕ್ಕೆ ನಮ್ಮ ಕಡೆಯವರು ಮಗಳ ಬಾಣಂತನಕ್ಕೆ ಹೋಗುತ್ತಾರೆ, ಮೊಮ್ಮಕ್ಕಳನ್ನು ಆಡಿಸಲು ಹೋಗುತ್ತಾರೆ, ಇಲ್ಲವೇ ಟೂರಿನ ಬಸ್ಸಿನಲ್ಲಿ ಕೂತು ಜಲಪಾತ ನೋಡಿ ಬರುತ್ತಾರೆ. ನಾನು ಹೋದದ್ದು ನನ್ನ ದವಡೆ ಮುರಿದವಳನ್ನು ನೋಡಲು.

ಇದನ್ನು ವಲಸೆ ಅಧಿಕಾರಿಯ ಮುಂದೆ ಹೀಗೆಯೇ ಹೇಳಬಾರದಿತ್ತು. ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿರುವ ನನ್ನ ಅಕ್ಕನ ಮಗಳು ರಶ್ಮಿ ಫೋನಿನಲ್ಲಿ ಮೊದಲೇ ಪಾಠ ಹೇಳಿದ್ದಳು: “ಅಕ್ಕನ ಮಗಳ ಮನೆಗೆ ಬಂದಿದೀನಿ ಅಂತ ಹೇಳಿ ಚಿಕ್ಕಮ್ಮ, ಅಷ್ಟೇ. ಕೇಳಿದ್ದಕ್ಕಿಂತ ಜಾಸ್ತಿ ಮಾತಾಡ್ಬೇಡಿ.” ನಾನೂ ಹಾಗೆಯೇ ಹೇಳಿದೆ. ಆದರೆ ಗಾಜಿನ ಹಿಂದೆ ಕೂತಿದ್ದ ದಪ್ಪ ಮೀಸೆಯ ಮನುಷ್ಯ, “ಬೇರೆ ಯಾರನ್ನಾದರೂ ನೋಡಲಿಕ್ಕಿದೆಯೇ?” ಎಂದು ಕೇಳಿಬಿಟ್ಟ. ಕೇಳಿದ ಮೇಲೆ ಸುಳ್ಳು ಹೇಳುವುದು ಹೇಗೆ? “ಒಬ್ಬ ಗೆಳತಿ” ಎಂದೆ. “ಅವರ ಪರಿಚಯ ಹೇಗೆ?” ಎಂದ. “ಅವಳು ನನ್ನ ದವಡೆ ಮುರಿದಿದ್ದಳು” ಎಂದೆ.

ಕೀಲಿಮಣೆಯ ಮೇಲಿದ್ದ ಅವನ ಬೆರಳು ನಿಂತವು. ಅವನು ನನ್ನ ಮುಖವನ್ನು, ಅದರಲ್ಲೂ ಎಡಗಡೆ ಸ್ವಲ್ಪ ಒಳಗೆ ಹೋಗಿರುವ ಕೆನ್ನೆಯನ್ನು ದಿಟ್ಟಿಸಿ ನೋಡಿದ. ನಾನು ಗಾಬರಿಯಾಗಿ, “ಹಾಕಿ, ಹಾಕಿ. ಇಂಡಿಯಾ ಟೀಮು. ಆಟದಲ್ಲಿ ಆದದ್ದು” ಎಂದು ಒಂದೇ ಉಸಿರಿಗೆ ಹೇಳಿದೆ. ಅವನ ಮೀಸೆ ನಿಧಾನವಾಗಿ ಅಗಲವಾಯಿತು.

“ಆ ಮ್ಯಾಚು ಗೆದ್ದಿರಾ?”

“ಇಲ್ಲ, ಸೋತೆವು.”

“ಈ ಸಲ ಒಳ್ಳೆಯದಾಗಲಿ” ಎಂದು ಪಾಸ್‌ಪೋರ್ಟ್ ವಾಪಸು ಕೊಟ್ಟ.

ನಾನು ಮೈಸೂರಿನವಳು, ಹೆಸರು ಜಯಂತಿ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಕ್ವಾರ್ಟರ್ಸ್ ಪಕ್ಕದ ಕೆಮ್ಮಣ್ಣಿನ ಮೈದಾನದಲ್ಲಿ ಹುಡುಗರು ಬಿಸಾಡಿದ ಮುರುಕು ಸ್ಟಿಕ್ಕಿಗೆ ಅಪ್ಪ ತಗಡು ಸುತ್ತಿಕೊಟ್ಟರು. ಅಲ್ಲಿಂದ ಶುರುವಾಗಿ ಭಾರತ ತಂಡದಲ್ಲಿ ಗೋಲಿನ ಮುಂದೆ ಎದುರಾಳಿಗಳನ್ನು ತಡೆಯುವ ಫುಲ್‌ಬ್ಯಾಕ್ ಆದೆ, ಅದರಿಂದಲೇ ರೈಲ್ವೆಯಲ್ಲಿ ಕೆಲಸವೂ ಆಯಿತು. “ಎಷ್ಟೊಂದು ದೇಶ ನೋಡಿದೀರಲ್ಲ” ಎಂದು ಆಫೀಸಿನಲ್ಲಿ ಈಗಲೂ ಹೇಳುತ್ತಾರೆ. ಹೋದದ್ದು ನಿಜ, ನೋಡಿದ್ದು ಸುಳ್ಳು. ನಾವು ನೋಡಿದ್ದು ಬಸ್ಸಿನ ಕಿಟಕಿ, ಊಟದ ಹಾಲು, ನೀರು ಹಾಯಿಸಿದ ಕೃತಕ ಹುಲ್ಲಿನ ಹಸಿರು ಟರ್ಫು. ಒದ್ದೆ ಟರ್ಫಿನ ವಾಸನೆ ಎಲ್ಲ ದೇಶದಲ್ಲೂ ಒಂದೇ. ಎಲ್ಲಿ ಹೋದರೂ ಬ್ಯಾಗಿನ ತಳದಲ್ಲಿ ಉಪ್ಪಿನಕಾಯಿ ಬಾಟಲಿ ಇರುತ್ತಿತ್ತು. ಬ್ರೆಡ್ಡಿಗೆ ಅದನ್ನು ಸವರಿ ತಿಂದು ಮಲಗುತ್ತಿದ್ದೆವು, ಎದ್ದು ಆಡುತ್ತಿದ್ದೆವು.

ತಂಡವಿಲ್ಲದೆ, ಮ್ಯಾನೇಜರ್ ಇಲ್ಲದೆ, ಸಮವಸ್ತ್ರದ ಕೋಟಿಲ್ಲದೆ ವಿದೇಶಕ್ಕೆ ಹೋದದ್ದು ಇದೇ ಮೊದಲು. ಅದರ ಫಲವೂ ತಕ್ಷಣ ಸಿಕ್ಕಿತು. ಸೂಟ್‌ಕೇಸ್ ಬಂತು, ಜೊತೆಗೆ ತಂದಿದ್ದ ನನ್ನ ಹಳೆಯ ಹಾಕಿ ಸ್ಟಿಕ್ ಬರಲಿಲ್ಲ. ಸಾಮಾನು ಬರುವ ಬೆಲ್ಟಿನ ಮುಂದೆ ಎಲ್ಲರೂ ಹೋಗುವವರೆಗೆ ನಿಂತೆ. ಉದ್ದನೆಯ ಸಾಮಾನು ಬೇರೆ ಬಾಗಿಲಿನಿಂದ ಬರುತ್ತದೆಂದು ಕಸ ಗುಡಿಸುತ್ತಿದ್ದ ಹೆಂಗಸು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಅಲ್ಲಿ ಯಾರದೋ ಮೀನು ಹಿಡಿಯುವ ಗಾಳದ ಕೋಲುಗಳ ನಡುವೆ ನನ್ನ ಸ್ಟಿಕ್ ತಣ್ಣಗೆ ಮಲಗಿತ್ತು. ಹೊರಗೆ ರಶ್ಮಿ ಕಾಯುತ್ತ ಕಾಯುತ್ತ ಅಳುವುದಕ್ಕೆ ತಯಾರಾಗಿದ್ದಳು.

ಬಾಥೆಲ್

ಬಾಥೆಲ್‌ನಲ್ಲಿ ಮಳೆ ಬರುತ್ತದೆ ಎಂದು ಹೇಳುವುದಕ್ಕಿಂತ ಮಳೆ ಇರುತ್ತದೆ ಎಂದರೆ ಸರಿ. ನಮ್ಮ ಹಾಗೆ ಗುಡುಗಿ, ಹೆದರಿಸಿ, ಸುರಿದು, ನಿಲ್ಲುವುದಿಲ್ಲ. ಸಣ್ಣ ಕಣ್ಣಿನ ಜರಡಿಯಲ್ಲಿ ಹಿಟ್ಟು ಸೋಸಿದಂತೆ ಇಡೀ ದಿನ ಉದುರುತ್ತದೆ. ಯಾರೂ ಕೊಡೆ ಹಿಡಿಯುವುದಿಲ್ಲ. ನಾನು ಕೊಡೆ ಬಿಚ್ಚಿ ಬೆಳಗಿನ ವಾಕಿಂಗ್ ಹೊರಟರೆ ನಾಯಿ ಹಿಡಿದು ಹೋಗುವವರು ನನ್ನನ್ನು ಕನಿಕರದಿಂದ ನೋಡಿ ನಕ್ಕು ಮುಂದೆ ಹೋಗುತ್ತಿದ್ದರು. ಎಲ್ಲ ಮನೆಗಳೂ ಒಂದೇ ಬಣ್ಣ, ಒಂದೇ ಅಚ್ಚು. ಎರಡನೆಯ ದಿನ ಬೇರೆಯವರ ಮನೆಯ ಬಾಗಿಲಲ್ಲಿ ನಿಂತು “ರಶ್ಮೀ, ಬಾಗ್ಲು ತೆಗಿ” ಎಂದು ಬಡಿದೆ. ಬಾಗಿಲು ತೆಗೆದ ಯಜಮಾನ ಸ್ವಲ್ಪವೂ ಬೇಸರಪಡದೆ, ಚಪ್ಪಲಿಯಲ್ಲೇ ಮಳೆಯಲ್ಲಿ ಇಳಿದು ಬಂದು ರಶ್ಮಿಯ ಮನೆ ತೋರಿಸಿದ.

ರಶ್ಮಿಯ ಗಂಡ ಆ ವಾರ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಮನೆಯಲ್ಲಿದ್ದದ್ದು ರಶ್ಮಿ ಮತ್ತು ಅವಳ ಒಂಬತ್ತು ವರ್ಷದ ಮಗಳು ಇಶಾ. ನಾವು ಕನ್ನಡದಲ್ಲಿ ಕೇಳಿದರೆ ಇಶಾ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಒಂದೇ ಒಂದು ಕನ್ನಡ ಪದ ಅವಳ ಬಾಯಲ್ಲಿ ಮುದ್ದಾಗಿ ಬರುತ್ತದೆ, ಅದು “ಚಿಕ್ಕಜ್ಜಿ.”

ಒಂದು ಸಂಜೆ ಚಪಾತಿ ಹರಿದು ಸಾರಿನಲ್ಲಿ ನೆನೆಸುತ್ತಿದ್ದೆ. ನನಗೆ ಎಡಗಡೆ ಅಗಿಯಲು ಆಗುವುದಿಲ್ಲ. ಇಶಾ ನೋಡುತ್ತಲೇ ಇದ್ದವಳು, “ಚಿಕ್ಕಜ್ಜಿ, ಡಿಡ್ ಇಟ್ ಹರ್ಟ್ ಎ ಲಾಟ್?” ಎಂದಳು.

“ಆವಾಗ ಏನೂ ಗೊತ್ತಾಗ್ಲಿಲ್ಲ ಕಣೇ. ಆಮೇಲೆ ಗೊತ್ತಾಯ್ತು.”

ಹಾಕಿ ಗೊತ್ತಿಲ್ಲದ ಇಶಾಗೆ ಹೇಳಿದ ಹಾಗೆಯೇ ಇಲ್ಲಿಯೂ ಹೇಳುತ್ತೇನೆ. ಪೆನಾಲ್ಟಿ ಕಾರ್ನರ್ ಎಂದು ಒಂದಿದೆ. ಎದುರಾಳಿಗಳು ಗೋಲಿನ ಮುಂದೆ ಅರ್ಧಚಂದ್ರದ ಗೆರೆಯ ಮೇಲೆ ನಿಂತಿರುತ್ತಾರೆ. ಪಕ್ಕದಿಂದ ಒಬ್ಬಳು ಚೆಂಡು ತಳ್ಳುತ್ತಾಳೆ, ಒಬ್ಬಳು ನಿಲ್ಲಿಸುತ್ತಾಳೆ, ಇನ್ನೊಬ್ಬಳು ಗೋಲಿಗೆ ಹೊಡೆಯುತ್ತಾಳೆ. ನಾವು ಐದು ಜನ ಗೋಲಿನ ಒಳಗೆ ನಿಂತಿರುತ್ತೇವೆ. ಚೆಂಡು ಹೊರಟ ಕ್ಷಣ ನಮ್ಮಲ್ಲಿ ಒಬ್ಬಳು ಹೊಡೆಯುವವಳ ಎದುರಿಗೇ ನೇರ ಓಡಬೇಕು. ಆ ಹೊಡೆತಕ್ಕೆ ಅಡ್ಡ ಹೋಗುವುದೇ ಓಡುವವಳ ಕೆಲಸ. ಎಂಟು ವರ್ಷ ಆ ಓಡುವವಳು ನಾನಾಗಿದ್ದೆ.

ಅಮೆರಿಕದ ವಿರುದ್ಧದ ಪಂದ್ಯದಲ್ಲಿ ಅವರ ಕ್ಯಾರೊಲ್ ಎಂಬಾಕೆ ಚೆಂಡನ್ನು ಸ್ಟಿಕ್ಕಿನಲ್ಲಿ ಎತ್ತಿ ಎಸೆದಳು. ಅದು ನನ್ನ ದವಡೆಗೆ ಬಡಿಯಿತು. ಎರಡು ಕಡೆ ಮೂಳೆ ಮುರಿಯಿತು, ಹಲ್ಲುಗಳು ಟರ್ಫಿನ ಮೇಲೆ ಬಿದ್ದವು. ಪರದೇಶದ ಆಸ್ಪತ್ರೆಯಲ್ಲಿ ತಂತಿ ಹಾಕಿ ಬಾಯಿ ಕಟ್ಟಿದರು. ಮೈಸೂರಿಗೆ ಬಂದು ಅಕ್ಕನ ಮನೆಯಲ್ಲಿದ್ದೆ. ಆಗ ರಶ್ಮಿಗೆ ಹೆಚ್ಚುಕಡಿಮೆ ಇಶಾಳ ವಯಸ್ಸು.

“ನಂಗೆ ಇನ್ನೂ ನೆನಪಿದೆ” ಎಂದಳು ರಶ್ಮಿ, ತಟ್ಟೆ ಎತ್ತುತ್ತ. “ಸ್ಟ್ರಾ ಹಾಕ್ಕೊಂಡು ರಾಗಿ ಗಂಜಿ ಕುಡೀತಿದ್ರಿ. ಮಾತಾಡೋಕೆ ಆಗ್ತಿರ್ಲಿಲ್ಲ, ಕಣ್ಣಲ್ಲಿ ನೀರು ಬರ್ತಿತ್ತು. ನಾನು ಹೆದರ್ಕೊಂಡು ಅಡುಗೆಮನೆಗೆ ಓಡ್ಹೋಗ್ತಿದ್ದೆ. ಅಂಥವಳನ್ನ ನೋಡೋಕೆ ಅಂತ ಬಂದಿದೀರ. ನೀವು ಕ್ಷಮಿಸ್ಬಿಡ್ತೀರ, ನಂಗೊತ್ತು. ನಾನು ಕ್ಷಮಿಸಲ್ಲ.”

ಕ್ಷಮಿಸಲು ಬಂದಿದ್ದೇನೆಂದು ನಾನು ಯಾರಿಗೂ ಹೇಳಿರಲಿಲ್ಲ. ನಾನು ಬಂದದ್ದು ಒಂದು ಪ್ರಶ್ನೆ ಕೇಳಲು.

ದವಡೆ ಕೂಡಿಕೊಂಡ ಮೇಲೆ ನಾನು ಮತ್ತೆ ತಂಡದ ತರಬೇತಿ ಕ್ಯಾಂಪಿಗೆ ಹೋದೆ. ಕಾಲು ಮೊದಲಿನಂತೆಯೇ ಇತ್ತು, ಕೈ ಮೊದಲಿನಂತೆಯೇ ಇತ್ತು. ಆದರೆ ಚೆಂಡು ಎದ್ದಾಗ ನನ್ನ ಮುಖ ತಾನಾಗಿಯೇ ಪಕ್ಕಕ್ಕೆ ತಿರುಗುತ್ತಿತ್ತು. ನನಗೇ ಗೊತ್ತಾಗದಷ್ಟು ಸ್ವಲ್ಪ. ತಂಡ ಆರಿಸುವವರಿಗೆ ಗೊತ್ತಾಯಿತು. “ಹೆದರ್ತಾಳೆ” ಎಂದರು. ಆಮೇಲೆ ಆ ಮಾತು ಹಿಂದಕ್ಕೂ ಹರಿಯಿತು: ಅವತ್ತೂ ಹೆದರಿ ಅರ್ಧಕ್ಕೆ ನಿಂತಿದ್ದಳು, ಅದಕ್ಕೇ ಮುಖಕ್ಕೆ ಬಿತ್ತು ಎಂದು. ಇನ್ನು ನಮ್ಮ ಕೋಚ್ ನನ್ನನ್ನು ಸಮಾಧಾನ ಮಾಡಲು, “ಆ ಹುಡುಗಿ ಬೇಕಂತಲೇ ಹೊಡೆದಳು” ಎನ್ನುತ್ತಿದ್ದರು. ಎರಡರಲ್ಲಿ ಯಾವುದು ನಿಜ ಎಂದು ನನಗೆ ತಿಳಿಯದು. ಆ ಕೆಲವು ಹೆಜ್ಜೆಗಳು ನನ್ನ ನೆನಪಿನಿಂದ ಅಳಿಸಿಹೋಗಿವೆ. ಮುಂದೆ ಭಾರತದ ಅಂಗಿ ಹಾಕಲೇ ಇಲ್ಲ. ಮುಖ ವಾರೆಯಾದದ್ದಕ್ಕೆ ಮದುವೆಯಾಗಲಿಲ್ಲ ಎಂದು ನಂಟರು ಮರುಗಿದರು. ಮದುವೆ ನನಗೆ ಬೇಕಿರಲಿಲ್ಲ. ಅಂಗಿ ಬೇಕಿತ್ತು.

ಕಳೆದ ವರ್ಷ ನಮ್ಮ ಹಳೆಯ ಗೋಲ್‌ಕೀಪರ್ ಫೇಸ್‌ಬುಕ್ಕಿನಲ್ಲಿ ತಂಡದ ಫೋಟೊ ಹಾಕಿದ್ದಳು. ಅದರ ಕೆಳಗೆ ಪರಿಚಯವಿಲ್ಲದ ಹೆಸರಿನ ಒಂದು ಪ್ರಶ್ನೆ ಬಂತು: “ಹಿಂದಿನ ಸಾಲಿನ ನಾಲ್ಕನೇ ನಂಬರಿನವರು ಈಗ ಹೇಗಿದ್ದಾರೆ?” ಅದು ಕ್ಯಾರೊಲ್. ನಾನೇ ಉತ್ತರ ಬರೆದೆ, ಬಾ ಎಂದಳು. ಅವಳ ಊರು ಮುಕಿಲ್ಟಿಯೊ, ರಶ್ಮಿಯ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ.

ರೆಡ್ಮಂಡ್

ಮುಕಿಲ್ಟಿಯೊಗೆ ಹೋಗುವ ಮೊದಲು ನನ್ನ ಸ್ಟಿಕ್ಕಿಗೆ ಹೊಸ ಗ್ರಿಪ್ ಸುತ್ತಿಸಬೇಕೆನಿಸಿತು. ಹಳೆಯದು ಕೈಗೆ ಅಂಟುತ್ತಿತ್ತು. ರಶ್ಮಿ ರೆಡ್ಮಂಡಿನ ತನ್ನ ಆಫೀಸಿಗೆ ಹೋಗುವಾಗ ನನ್ನನ್ನೂ ಕೂರಿಸಿಕೊಂಡು, ಒಂದು ಆಟದ ಸಾಮಾನಿನ ಅಂಗಡಿಯ ಹತ್ತಿರ ಇಳಿಸಿದಳು. “ಎಲ್ಲೂ ಹೋಗ್ಬೇಡಿ, ಮೀಟಿಂಗ್ ಮುಗಿಸಿ ಕಾಲ್ ಮಾಡ್ತೀನಿ.”

ಅಂಗಡಿ ರಸ್ತೆಯ ಆಚೆ ಬದಿಗಿತ್ತು. ದಾಟಲು ನಿಂತೆ. ಬರುತ್ತಿದ್ದ ಕಾರು ನಿಂತಿತು. ಅವನು ಹೋಗಲಿ ಎಂದು ನಾನು ಕಾದೆ. ನಾನು ಹೋಗಲಿ ಎಂದು ಅವನು ಕಾದ. ನಾನು ಕೈಸನ್ನೆ ಮಾಡಿದೆ, ಅವನೂ ಮಾಡಿದ. ಮೈಸೂರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಹಿಂದಿನವರು ಹಾರನ್ ಹೊಡೆದು ನನ್ನ ವಂಶಾವಳಿಯನ್ನೇ ಹೇಳುತ್ತಿದ್ದರು. ಇಲ್ಲಿ ಹಿಂದೆ ಸಾಲುಗಟ್ಟಿದ ಕಾರುಗಳೆಲ್ಲ ಮೌನವಾಗಿ ನಿಂತಿದ್ದವು. ಕೊನೆಗೆ ನಾಚಿಕೆಯಾಗಿ ಓಡಿಯೇ ದಾಟಿದೆ.

ಅಂಗಡಿಯಲ್ಲಿ “ಹಾಕಿ” ಎಂದ ಕೂಡಲೇ ಬಿಳಿಗಡ್ಡದ ಮಾರಾಟಗಾರ ಉತ್ಸಾಹದಿಂದ ಒಂದು ಮೂಲೆಗೆ ಕರೆದೊಯ್ದ. ಅಲ್ಲಿ ಆನೆಗೆ ತೊಡಿಸುವಂಥ ಕೈಗವಸು, ಚಕ್ರವಿಲ್ಲದ ಚಾಕುವಿನ ಬೂಟು, ಬಾಗಿಲಿಗೆ ಹಾಕುವ ಅಗಣಿಯಷ್ಟು ದಪ್ಪ ಕೋಲು. ಅವರಿಗೆ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ನಾನು ನನ್ನ ಸ್ಟಿಕ್ ತೋರಿಸಿದೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದರಲ್ಲಿ ಆಡುವವರಿಗೆ ಪೆಟ್ಟಾಗುತ್ತದೆಯೇ?” ಎಂದ.

ನಾನು ತುಟಿ ಎತ್ತಿ ಎಡಗಡೆಯ ಕಟ್ಟಿಸಿದ ಹಲ್ಲು ತೋರಿಸಿದೆ. ಅವನು ಒಂದು ಮಾತನ್ನೂ ಆಡದೆ ತನ್ನ ಮೇಲಿನ ಹಲ್ಲಿನ ಸೆಟ್ಟನ್ನೇ ಕಳಚಿ ಅಂಗೈಯಲ್ಲಿಟ್ಟು ತೋರಿಸಿದ. ಹರೆಯದಲ್ಲಿ ಮಂಜುಗಡ್ಡೆಯ ಮೇಲೆ ಆಡಿದವನಂತೆ. ಇಬ್ಬರೂ ಅಂಗಡಿ ತುಂಬ ಕೇಳಿಸುವ ಹಾಗೆ ನಕ್ಕೆವು. ಆಮೇಲೆ ಟೆನಿಸ್ ರ‍್ಯಾಕೆಟ್ಟಿಗೆ ಹಾಕುವ ಪಟ್ಟಿಯನ್ನು ತಂದು ತಾನೇ ಕೂತು ನೀಟಾಗಿ ಸುತ್ತಿಕೊಟ್ಟ. ನನ್ನ ಹರಕು ಇಂಗ್ಲಿಷಿನ ಅಳುಕು ಆ ದಿನ ಹೋಯಿತು.

ಮುಕಿಲ್ಟಿಯೊ

ಮುಕಿಲ್ಟಿಯೊ ಸಮುದ್ರದ ಅಂಚಿನ ಊರು. ಊರ ಮೇಲ್ಭಾಗದಲ್ಲಿ ವಿಮಾನ ಕಟ್ಟುವ ದೊಡ್ಡ ಕಾರ್ಖಾನೆ, ಕೆಳಗೆ ಹಡಗು ನಿಲ್ಲುವ ಧಕ್ಕೆ. ಕಾರು ನಿಲ್ಲಿಸಿದ ಮೇಲೆ ರಶ್ಮಿ, “ಅವಳೇನಾದ್ರೂ ತಲೆಹರಟೆ ಮಾಡಿದ್ರೆ ನಂಗೆ ಹೇಳಿ” ಎಂದಳು. ಐವತ್ತು ದಾಟಿದ ಫುಲ್‌ಬ್ಯಾಕ್ ಚಿಕ್ಕಮ್ಮನಿಗೆ ಅಕ್ಕನ ಮಗಳ ರಕ್ಷಣೆ.

ಬಾಗಿಲು ತೆಗೆದವಳನ್ನು ನಾನು ಗುರುತಿಸಲಿಲ್ಲ. ನನ್ನ ನೆನಪಿನ ಕ್ಯಾರೊಲ್ ಎತ್ತರದ, ಚಿನ್ನದ ಜಡೆಯ, ಕುದುರೆಯಂಥ ಹುಡುಗಿ. ಎದುರಿಗಿದ್ದವಳು ನರೆತ ಕೂದಲು ಕತ್ತರಿಸಿಕೊಂಡ, ಒಂದು ಕಾಲು ಸ್ವಲ್ಪ ಎಳೆಯುವ ಹೆಂಗಸು. ಅವಳು ನನ್ನನ್ನು ಗುರುತಿಸಿದಳು. ನೋಡಿದ್ದು ಮೊದಲು ನನ್ನ ಕೆನ್ನೆಯನ್ನು. ನೋಡಿದ ಕೂಡಲೇ ಅವಳ ಕಣ್ಣು ಕೆಂಪಾದವು. ತಬ್ಬಿಕೊಳ್ಳಲು ಬಂದವಳು ಅರ್ಧದಲ್ಲಿ ತಡೆದು ಕೈ ಚಾಚಿದಳು. ನಾನು ಕೈ ಮುಗಿದೆ. ಅವಳೂ ಕೈ ಮುಗಿದಳು, ನಾನು ಕೈ ಚಾಚಿದೆ. ರೆಡ್ಮಂಡಿನ ರಸ್ತೆಯ ಕಥೆಯೇ ಆಯಿತು.

ಒಳಗೆ ನಮಗಾಗಿ ಅವಳು ಮಾಡಿದ್ದೆಲ್ಲ ಮೆತ್ತಗಿನ ತಿಂಡಿ: ಹಿಸುಕಿದ ಆಲೂಗೆಡ್ಡೆ, ಕುಂಬಳದ ಸೂಪು, ಬಾಯಲ್ಲಿ ಕರಗುವ ಕೇಕು. ಯಾವುದನ್ನೂ ಅಗಿಯಬೇಕಾಗಿರಲಿಲ್ಲ. ಅದನ್ನು ಗಮನಿಸಿದ ರಶ್ಮಿ ಸ್ವಲ್ಪ ಮೆದುವಾದದ್ದು ನನಗೆ ತಿಳಿಯಿತು. ಆದರೂ ಬಿಗಿಯಾಗಿಯೇ ಕೂತಿದ್ದಳು. ಕ್ಯಾರೊಲ್ ಆ ವಿಮಾನದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತಿ ತೆಗೆದುಕೊಂಡಿದ್ದಾಳೆ, ಒಬ್ಬಳೇ ಇದ್ದಾಳೆ, ಶನಿವಾರ ಹುಡುಗಿಯರಿಗೆ ಹಾಕಿ ಹೇಳಿಕೊಡುತ್ತಾಳೆ. ಮಳೆಯ ಬಗ್ಗೆ ಮಾತಾಡಿದೆವು, ಮಂಡಿನೋವಿನ ಬಗ್ಗೆ ಮಾತಾಡಿದೆವು. ಆಡಬೇಕಾದ ಮಾತು ಮೇಜಿನ ನಡುವೆ ಕೂತೇ ಇತ್ತು, ಯಾರೂ ಮುಟ್ಟಲಿಲ್ಲ. ಕೊನೆಗೆ ಕ್ಯಾರೊಲ್, “ಹಡಗಿನಲ್ಲಿ ಆಚೆ ದಡಕ್ಕೆ ಹೋಗಿ ಬರೋಣವೇ? ಕೂತು ಮಾತಾಡುವುದು ನನಗೆ ಬರುವುದಿಲ್ಲ” ಎಂದಳು.

ಹಡಗಿನ ಮೇಲೆ

ಆ ಹಡಗು ಕಾರುಗಳನ್ನೂ ಹೊಟ್ಟೆಯಲ್ಲಿ ತುಂಬಿಕೊಂಡು ಎದುರಿನ ದ್ವೀಪಕ್ಕೆ ಹೋಗುತ್ತದೆ. ಸ್ಥಳೀಯರಿಗೆ ಅದು ನಮ್ಮ ಸಿಟಿ ಬಸ್ಸಿದ್ದಂತೆ. ಕೆಲವರು ಕಾರಿನಿಂದ ಇಳಿಯದೆ ನಿದ್ದೆ ಮಾಡುತ್ತಾರೆ. ಮೇಲಿನ ಅಟ್ಟದಲ್ಲಿ ಗಾಳಿ ಬಿರುಸಾಗಿತ್ತು. ರಶ್ಮಿ ಕಾಫಿ ತರಲು ಒಳಗೆ ಹೋದಳು. ನಾವಿಬ್ಬರೇ ಕಂಬಿ ಹಿಡಿದು ನಿಂತೆವು.

ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಭಾಷೆಯಲ್ಲಿ ನೀನು, ನೀವು ಎಂಬ ಭೇದವಿಲ್ಲ. ಎದುರಾಳಿಯನ್ನು ಬಹುವಚನದಲ್ಲಿ ಕರೆದು ನನಗೆ ಅಭ್ಯಾಸವಿಲ್ಲವಾದ್ದರಿಂದ ಏಕವಚನವೇ ಇರಲಿ.

“ಒಂದು ಮಾತು ಕೇಳಬೇಕು” ಎಂದೆ. “ಅವತ್ತು ನಾನು ಬರುತ್ತಿದ್ದದ್ದು ನಿನಗೆ ಕಂಡಿತ್ತೇ?”

ಅವಳು ಇಲ್ಲ ಎಂದುಬಿಡಬಹುದಿತ್ತು. ನಾನೂ ಸರಿ ಎಂದು ಬಿಡುತ್ತಿದ್ದೆ.

“ಕಂಡಿತ್ತು” ಎಂದಳು. “ಚೆಂಡು ಇನ್ನೂ ನನ್ನ ಸ್ಟಿಕ್ಕಿನಲ್ಲೇ ಇತ್ತು. ಬಿಡದೆ ಇರಬಹುದಿತ್ತು. ನಿನ್ನನ್ನು ನೋಡಿಯೂ ಬಿಟ್ಟೆ. ಓಡಿಬರುವವರೆಲ್ಲ ಕೊನೆಯ ಕ್ಷಣದಲ್ಲಿ ಒಂದು ಚೂರು ಪಕ್ಕಕ್ಕೆ ಹೋಗುತ್ತಿದ್ದರು. ನಾವು ಅದನ್ನೇ ನಂಬಿ ಹೊಡೆಯುತ್ತಿದ್ದೆವು. ನೀನೂ ಹೋಗುತ್ತೀ ಅಂದುಕೊಂಡೆ. ನೀನು ಹೋಗಲಿಲ್ಲ. ನೇರ ಬಂದೆ. ಕಣ್ಣು ಬಿಟ್ಟುಕೊಂಡೇ ಬಂದೆ. ನಾನು ಆಡಿದ ಯಾವ ದೇಶದವರೂ ಹಾಗೆ ಬಂದಿರಲಿಲ್ಲ.”

ನಾನು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕೆಳಗೆ ನೀರು ಬೂದಿಬಣ್ಣವಾಗಿ ಹಿಂದಕ್ಕೆ ಓಡುತ್ತಿತ್ತು. ಅವಳು ತನ್ನ ತಪ್ಪು ಹೇಳಿಕೊಳ್ಳುತ್ತಿದ್ದಳು. ನನಗೆ ಕೇಳಿಸಿದ್ದು ಬೇರೆ. ಹೆದರಿದಳು, ಅರ್ಧಕ್ಕೆ ನಿಂತಳು ಎಂದು ಹೇಳಿದವರೆಲ್ಲ ಮೈದಾನದ ಹೊರಗೆ ಕೂತಿದ್ದವರು. ನನ್ನ ಎದುರಿಗೆ ನಿಂತು ನನ್ನ ಮುಖವನ್ನು ನೋಡಿದವಳು ಇಡೀ ಜಗತ್ತಿನಲ್ಲಿ ಇವಳೊಬ್ಬಳೇ. ಇಪ್ಪತ್ತೈದು ವರ್ಷದಿಂದ ಆ ಮಾತು ಇವಳ ಹತ್ತಿರ ಇತ್ತು.

“ಇನ್ನೊಂದು ಸಲ ಹೇಳು” ಎಂದೆ.

“ಏನನ್ನು?”

“ನಾನು ಪಕ್ಕಕ್ಕೆ ಹೋಗಲಿಲ್ಲ ಅಂದೆಯಲ್ಲ, ಅದನ್ನು.”

ಅವಳು ಹೇಳಿದಳು. ಹೇಳುತ್ತ ಅತ್ತಳು. ಆ ಪಂದ್ಯದ ಸಂಜೆ ಆಸ್ಪತ್ರೆಗೆ ಬಂದಿದ್ದಳಂತೆ, ಒಳಗೆ ಬಿಡಲಿಲ್ಲವಂತೆ, ಮಾರನೆಯ ದಿನ ಅವರ ತಂಡ ಊರು ಬಿಟ್ಟಿತಂತೆ. ಆಮೇಲೆ ಪ್ರತಿ ಕಾರ್ನರಿನಲ್ಲೂ ಓಡಿಬರುವವಳ ಮುಖ ಕಂಡು ಕೈ ಸೋಲುತ್ತಿತ್ತಂತೆ. ಮಂಡಿಯ ನೆಪ ಹೇಳಿ ಮುಂದಿನ ವರ್ಷವೇ ತಂಡ ಬಿಟ್ಟಳು. ಒಂದೇ ಚೆಂಡು ಇಬ್ಬರನ್ನೂ ಮನೆಗೆ ಕಳುಹಿಸಿತ್ತು, ನನಗೆ ನನ್ನದು ಮಾತ್ರ ಗೊತ್ತಿತ್ತು.

ರಶ್ಮಿ ಮೂರು ಲೋಟ ಕಾಫಿ ಹಿಡಿದು ಬಂದಾಗ ನಾವಿಬ್ಬರೂ ಮೂಗು ಒರೆಸಿಕೊಳ್ಳುತ್ತಿದ್ದೆವು. ಅವಳು ನನ್ನನ್ನು ನೋಡಿ, “ಏನಾಯ್ತು ಚಿಕ್ಕಮ್ಮ? ಏನಂದ್ಲು?” ಎಂದಳು.

“ಒಳ್ಳೇದೇ ಅಂದ್ಲು. ಅವಳಿಗೆ ಮೊದ್ಲು ಕಾಫಿ ಕೊಡು, ನಡುಗ್ತಿದಾಳೆ.”

ರಶ್ಮಿ ಕೊಟ್ಟಳು. ಸಕ್ಕರೆ ಬೇಕೇ ಎಂದು ಮಾತ್ರ ಕೇಳಲಿಲ್ಲ.

ಶಾಲೆಯ ಮೈದಾನ

ಶನಿವಾರ ಕ್ಯಾರೊಲ್ ಕಲಿಸುವ ಮೈದಾನಕ್ಕೆ ಹೋದೆವು. ಒಂದು ಶಾಲೆಯ ಟರ್ಫು, ಅದರ ಮೇಲೆ ಫುಟ್‌ಬಾಲಿನ ಗೆರೆ, ಇನ್ನಾವುದೋ ಆಟದ ಗೆರೆ, ಎಲ್ಲದರ ನಡುವೆ ಸೀಮೆಸುಣ್ಣದಲ್ಲಿ ಎಳೆದ ನಮ್ಮ ಗೆರೆ. ಅಲ್ಲಿ ಹಾಕಿ ಆಡುವವರು ಅಷ್ಟು ಕಡಿಮೆ. ಇಡೀ ಊರಿಗೆ ಎರಡು ತಂಡಕ್ಕಾಗುವಷ್ಟು ಹುಡುಗಿಯರು. ಆದರೂ ಜರಡಿ ಮಳೆಯಲ್ಲಿ ನೆನೆಯುತ್ತ, ಬಿದ್ದು ಎದ್ದು, ಒಬ್ಬರಿಗೊಬ್ಬರು ಸಾರಿ ಹೇಳುತ್ತ ಆಡುತ್ತಿದ್ದರು. ನಮ್ಮ ಕ್ಯಾಂಪಿನಲ್ಲಿ ಯಾರಾದರೂ ಅಷ್ಟು ಸಾರಿ ಹೇಳಿದ್ದರೆ ಮೈದಾನ ಸುತ್ತು ಹಾಕಿಸುತ್ತಿದ್ದರು. ಇಶಾಗೂ ಒಂದು ಸ್ಟಿಕ್ ಸಿಕ್ಕಿತು.

ಕ್ಯಾರೊಲ್ ನನ್ನನ್ನು ಪರಿಚಯಿಸಿದಳು. ಹುಡುಗಿಯರಿಗೆ ನಮ್ಮಿಬ್ಬರ ಕಥೆ ಮೊದಲೇ ಗೊತ್ತಿತ್ತು. ಒಬ್ಬಳು ಧೈರ್ಯಮಾಡಿ, ನೀವಿಬ್ಬರೂ ಒಂದು ಕಾರ್ನರ್ ತೋರಿಸುತ್ತೀರಾ ಎಂದು ಕೇಳಿದಳು. ಕ್ಯಾರೊಲ್ ಆಗುವುದಿಲ್ಲ ಎಂದಳು. ನಾನು ಆಗಲೇ ಬೂಟಿನ ದಾರ ಬಿಗಿಯುತ್ತಿದ್ದೆ.

“ಚಿಕ್ಕಮ್ಮ, ಬೇಡ” ಎಂದಳು ರಶ್ಮಿ ಗೆರೆಯ ಹೊರಗಿನಿಂದ. “ಇನ್ಶೂರೆನ್ಸ್ ಕವರ್ ಆಗಲ್ಲ, ಬನ್ನಿ ಈಚೆಗೆ.”

ಈಗ ಕಾರ್ನರಿಗೆ ಓಡುವವರಿಗೆ ಮುಖವಾಡ ಕೊಡುತ್ತಾರೆ. ಗಟ್ಟಿ ಪ್ಲಾಸ್ಟಿಕ್ಕಿನದು, ದವಡೆ ಪೂರ್ತಿ ಮುಚ್ಚುತ್ತದೆ. ಒಬ್ಬ ಹುಡುಗಿ ತನ್ನದನ್ನು ಬಿಚ್ಚಿ ನನಗೆ ಕಟ್ಟಿದಳು. ಅದರ ಒಳಗೆ ಅವಳ ಬೆವರಿನ ಬಿಸಿ ಇನ್ನೂ ಇತ್ತು. ಇಷ್ಟೇ ಸಣ್ಣ ವಸ್ತು. ನಮ್ಮ ಕಾಲದಲ್ಲಿ ನಮಗಿದ್ದದ್ದು ಹಣೆಯ ಕುಂಕುಮ ಮಾತ್ರ.

ಗೋಲಿನಲ್ಲಿ ನಿಂತೆ. ಪಕ್ಕದಿಂದ ಚೆಂಡು ಹೊರಟಿತು. ಒಬ್ಬಳು ನಿಲ್ಲಿಸಿದಳು. ನಾನು ಓಡಿದೆ. ಕ್ಯಾರೊಲ್ ತಳ್ಳಿದ ಚೆಂಡು ಗುಡಿಯಲ್ಲಿ ಕೊಡುವ ತೀರ್ಥದ ಹಾಗೆ ಮೆಲ್ಲಗೆ ಬಂತು. ನಿಲ್ಲಿಸಿ ವಾಪಸು ಕಳುಹಿಸಿದೆ. ಎರಡನೆಯ ಸಲವೂ ಹಾಗೆಯೇ. ಆಗ ನನಗೆ ಸಿಟ್ಟು ಬಂತು. ದವಡೆ ಮುರಿದಾಗ ಬಾರದ ಸಿಟ್ಟು, ಹಡಗಿನ ಮೇಲೆ ಬಾರದ ಸಿಟ್ಟು. ಮುಖವಾಡ ಎತ್ತಿ ಕೂಗಿದೆ: “ಕ್ಯಾರೊಲ್! ನನ್ನನ್ನು ನೋಡಿ ಅಯ್ಯೋ ಅನ್ನುವವರು ನಮ್ಮೂರಿನಲ್ಲೇ ಬೇಕಾದಷ್ಟಿದ್ದಾರೆ. ಅದಕ್ಕೆ ನಾನು ಇಷ್ಟು ದೂರ ಬರಲಿಲ್ಲ. ಹೊಡಿ!”

ಅವಳು ಸ್ಟಿಕ್ ಹಿಡಿದ ಕೈಯನ್ನು ಒಂದು ಸಲ ಪ್ಯಾಂಟಿಗೆ ಒರೆಸಿಕೊಂಡಳು.

ಮುಖವಾಡ ಇಳಿಸಿಕೊಂಡೆ. ಮೂರನೆಯ ಸಲ ಚೆಂಡು ಹೊರಟಿತು. ನಾನು ಓಡಿದೆ. ಹಳೆಯ ಕಾಲು, ಆದರೂ ದಾರಿ ಮರೆತಿರಲಿಲ್ಲ. ಅವಳ ಭುಜ ತಿರುಗಿದ್ದು ಕಂಡಿತು, ಸ್ಟಿಕ್ ಹಿಂದೆ ಹೋದದ್ದು ಕಂಡಿತು, ಅವಳ ಹುಬ್ಬಿನ ಮೇಲಿನ ನೀರಿನ ಹನಿ ಕಂಡಿತು. ಹಿಂದಿನಿಂದ ರಶ್ಮಿ “ಚಿಕ್ಕಮ್ಮಾ” ಎಂದು ಚೀರಿದ್ದು ಕೇಳಿಸಿತು. ಹೊಡೆತದ ಸದ್ದು ಬಂತು. ಚೆಂಡು ನೆಲ ಸವರಿಕೊಂಡು ಬಂದು ನನ್ನ ಸ್ಟಿಕ್ಕಿನ ಅಂಚಿಗೆ ತಾಗಿ, ಎಗರಿ, ಮಂಡಿಯ ಕೆಳಗೆ ಯಾವ ಕವಚವೂ ಇಲ್ಲದ ಜಾಗಕ್ಕೇ ಬಡಿದು, ಗೋಲುಕಂಬದ ಹೊರಗೆ ಹೋಯಿತು. ನಾನು ಅಂಗಾತ ಬಿದ್ದೆ. ಆಕಾಶದಿಂದ ಮಳೆ ನೇರ ಮುಖವಾಡದ ಮೇಲೆ ಬೀಳುತ್ತಿತ್ತು. ಮುಖ ತಿರುಗಿರಲಿಲ್ಲ. ಅದು ನನಗೆ ಖಚಿತವಾಗಿ ಗೊತ್ತಿತ್ತು. ಹುಡುಗಿಯರು ಕಿರುಚಿ ಕುಣಿಯುತ್ತಿದ್ದರು.

ಎಳೆಯುವ ಕಾಲಲ್ಲೇ ಕ್ಯಾರೊಲ್ ಓಡಿ ಬಂದಳು, ಕೈಯಲ್ಲಿ ಐಸಿನ ಚೀಲ. ಎದುರಿನಿಂದ ರಶ್ಮಿ ಓಡಿ ಬಂದು ಅದನ್ನು ಅವಳ ಕೈಯಿಂದ ಕಿತ್ತುಕೊಂಡು ನನ್ನ ಕಾಲಿಗೆ ಒತ್ತಿದಳು. ಒತ್ತುತ್ತ ಇಬ್ಬರಿಗೂ ಸೇರಿಸಿ ಕನ್ನಡದಲ್ಲೇ ಬೈಯತೊಡಗಿದಳು.

“ಬುದ್ಧಿ ಇದ್ಯಾ ನಿಮ್ಗೆ? ಇಬ್ರಿಗೂ ವಯಸ್ಸಾಗಿದೆ, ಮಕ್ಕಳ ಥರ ಆಡ್ತೀರ! ಮೂಳೆ ಗೀಳೆ ಮುರಿದಿದ್ರೆ ಅಮ್ಮಂಗೆ ನಾನೇನ್ ಹೇಳ್ಲಿ?”

ಕ್ಯಾರೊಲ್ ನನ್ನ ಕಡೆ ಬಾಗಿ, “ನಿನಗೆ ಬೈಯುತ್ತಿದ್ದಾಳೋ ನನಗೋ?” ಎಂದು ಪಿಸುಗುಟ್ಟಿದಳು.

“ಇಬ್ಬರಿಗೂ” ಎಂದೆ.

“ಪ್ಲೀಸ್, ನಿಲ್ಲಿಸಬೇಡ ಎಂದು ಹೇಳು” ಎಂದಳು ಅವಳು. ರಶ್ಮಿಗೆ ಅದು ಕೇಳಿಸಿತು. ಬಯ್ಗುಳದ ನಡುವೆಯೇ ಅವಳಿಗೆ ನಗು ಬಂದುಬಿಟ್ಟಿತು. ಚೀಲದ ಒಂದು ಬದಿಯನ್ನು ಕ್ಯಾರೊಲ್‌ಗೂ ಹಿಡಿಯಲು ಬಿಟ್ಟಳು. ಇಬ್ಬರೂ ಒದ್ದೆ ಟರ್ಫಿನಲ್ಲಿ ಮಂಡಿಯೂರಿ ನನ್ನ ಕಾಲು ಹಿಡಿದು ಕೂತರು. ಇಶಾ ನನ್ನ ತಲೆಯ ಹತ್ತಿರ ಬಂದು ನಿಂತು, “ಚಿಕ್ಕಜ್ಜಿ, ಡು ಇಟ್ ಅಗೇನ್” ಎಂದಳು.

ಮೈಸೂರು

ಎರಡು ದಿನ ಬಿಟ್ಟು ಹೊರಟೆ. ವಿಮಾನದಲ್ಲಿ ಕಾಲು ಚಾಚಲು ಜಾಗವಿಲ್ಲದೆ ಮಂಡಿಯ ಕೆಳಗೆ ಸಿಡಿಯುತ್ತಿತ್ತು. ಅದನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮನೆಗೆ ಬಂದರೆ ಅಕ್ಕ ಸೂಟ್‌ಕೇಸ್ ತೆಗೆಸಿದಳು. ರಶ್ಮಿ ಕಳಿಸಿದ ಬಾದಾಮಿ, ಚಾಕೊಲೇಟು, ಇಶಾ ಬಿಡಿಸಿದ ಚಿತ್ರ ಒಂದೊಂದಾಗಿ ಹೊರಗೆ ಬಂದವು.

“ಇದೆಲ್ಲ ಅವಳು ಕೊಟ್ಟಿದ್ದಾಯ್ತು. ಅಷ್ಟು ದೂರ ಹೋಗಿ ನೀನು ನಿಂಗೋಸ್ಕರ ಏನೂ ತಗೊಳ್ಲಿಲ್ವೇನೇ?” ಎಂದಳು ಅಕ್ಕ.

ನಾನು ಕುರ್ಚಿಯಲ್ಲಿ ಕೂತು, ಪ್ಯಾಂಟನ್ನು ಮಂಡಿಯವರೆಗೆ ಎತ್ತಿ, ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದ ಅಂಗೈಯಗಲದ ಆ ಗಾಯವನ್ನು ತೋರಿಸಿದೆ.